ಒಂದು ಸೊಳ್ಳೆಗೆ ಒಂದು ಆಣೆ: ರೊನಾಲ್ಡ್ ರಾಸ್ ಜೀವನ ಮತ್ತು ಟ್ರಯಲ್‌ನ ಬಿಲ್ ಯಾರದು ಎಂಬ ಪ್ರಶ್ನೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಊಟಿಗೆ ಹೊರಟವರಿಗೆ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ತಿರುಗಿದರೆ ಮಸಿನಗುಡಿ, ಅದರಾಚೆ ಸೀಗೂರು ಘಾಟಿ. ಇಂದು 36 ತಿರುವುಗಳಿಗೆ ಹೆಸರಾದ ಈ ಘಾಟಿ, 1890ರ ದಶಕದಲ್ಲಿ ಹೆಸರಾಗಿದ್ದು ಜ್ವರಕ್ಕೆ. ಆ ಜ್ವರದ ಮೂಲ ಹುಡುಕಲು ಬಂದ ವೈದ್ಯರೊಬ್ಬರು ಕೆಲವೇ ದಿನಗಳಲ್ಲಿ ತಾವೇ ಮಲೇರಿಯಾದಿಂದ ಹಾಸಿಗೆ ಹಿಡಿದರು. ಅವರೇ ರೊನಾಲ್ಡ್ ರಾಸ್.

ರಾಸ್ ಹೆಸರು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಆದರೆ ಅವರ ಪ್ರಯೋಗಕ್ಕೆ ಮೈ ಒಡ್ಡಿದವರಿಗೆ ಏನು ಸಿಕ್ಕಿತು? ಅವರ ಚಿಕಿತ್ಸೆಯ ಹೊಣೆ ಯಾರದಾಗಿತ್ತು? ಟ್ರಯಲ್‌ಗೆ ಸಹಿ ಹಾಕಿದರೆ ಮುಂದೆ ಏನಾದರೂ ನಿಮ್ಮದೇ ಹಣೆಬರಹ ಎಂಬ ಮಾತು ಈಗಲೂ ಓಡಾಡುತ್ತಿರುವುದರಿಂದ, ನಾವು ಈ ಪ್ರಶ್ನೆ ಹಿಡಿದೇ ರಾಸ್ ಜೀವನ ನೋಡೋಣ.

ಕವಿಯಾಗಬೇಕಿದ್ದ ಹುಡುಗ

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಎಂಟನೇ ವಯಸ್ಸಿಗೆ ಹುಡುಗನನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಕವಿತೆ, ಚಿತ್ರಕಲೆಯ ಹುಚ್ಚಿದ್ದ ಮಗ ವೈದ್ಯನಾಗಿದ್ದು ಅಪ್ಪನ ಹಟಕ್ಕೆ. 1881ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಮರಳಿದರು.

1883ರಲ್ಲಿ ಬೆಂಗಳೂರಿನ ದಂಡಿಗೆ ವರ್ಗ. ತಮ್ಮ ಬಂಗಲೆಯಲ್ಲಿ ಮಾತ್ರ ಸೊಳ್ಳೆ ಯಾಕಿಷ್ಟು ಎಂದು ಹುಡುಕಿದಾಗ, ಕಿಟಕಿಯ ಕೆಳಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ತುಂಬಿದ್ದವು. ತೊಟ್ಟಿ ಬರಿದು ಮಾಡಿದರು, ಸೊಳ್ಳೆ ಕಡಿಮೆಯಾಯಿತು. ಡೆಂಗಿ ತಡೆಯಲು ಆಶಾ ಕಾರ್ಯಕರ್ತೆಯರು ಇಂದು ಮನೆಮನೆಗೆ ಬಂದು ಹೇಳುವುದೂ ಇದನ್ನೇ.

ಕೆಟ್ಟ ಗಾಳಿಯಲ್ಲ, ಹಾಗಾದರೆ ನೀರೇ?

ಮಲೇರಿಯಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗಿನ ಗಾಳಿಯಿಂದಲೇ ಜ್ವರ ಎಂದು ಶತಮಾನಗಳ ಕಾಲ ಜನ ನಂಬಿದ್ದರು. 1894ರಲ್ಲಿ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ರಾಸ್ ಮುಂದೆ ಬೇರೆ ದಾರಿ ಇಟ್ಟರು: ರೋಗಾಣು ಸೊಳ್ಳೆಯ ಹೊಟ್ಟೆ ಸೇರುತ್ತದೆ, ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ.

ಇದನ್ನು ಪರೀಕ್ಷಿಸಲು ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆ ಸತ್ತ ನೀರನ್ನು ಮನುಷ್ಯರಿಗೇ ಕುಡಿಸಿದರು. ಒಬ್ಬನಿಗೆ ಸಣ್ಣ ಜ್ವರ ಬಂದು ಹೋಯಿತು. ಆದರೆ ಅದು ಮಲೇರಿಯಾ ಎನ್ನಲು ಪುರಾವೆ ಸಿಗಲಿಲ್ಲ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಅಪ್ಪಿಯಾ ಅವರು ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ತಾವಾಗಿ ಕಚ್ಚಿಸಿಕೊಂಡರು. ಅವರಿಗೂ ಜ್ವರ ಬರಲಿಲ್ಲ. ಕಾರಣ ಸರಳ, ಸೊಳ್ಳೆಯ ಜಾತಿ ಬೇರೆಯಾಗಿತ್ತು. ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಮಾತ್ರ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಹುಸೇನ್ ಖಾನ್ ಪಡೆದ ಆಣೆಗಳು

ಸೀಗೂರಿನ ಜ್ವರದಿಂದ ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದ ರಾಸ್, 1897ರ ಆಗಸ್ಟ್‌ನಲ್ಲಿ ಕಂದು ಬಣ್ಣದ, ಚುಕ್ಕೆ ರೆಕ್ಕೆಯ ಸೊಳ್ಳೆಗಳನ್ನು ಮರಿ ಮಾಡಿಸಿದರು. ಅವುಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ. ಅವನು ಪರದೆಯೊಳಗೆ ಮಲಗಬೇಕು, ಸೊಳ್ಳೆ ಕಚ್ಚಬೇಕು. ರಕ್ತ ಹೀರಿದ ಪ್ರತಿ ಸೊಳ್ಳೆಗೂ ಒಂದು ಆಣೆ, ಅಂದರೆ ರೂಪಾಯಿಯ ಹದಿನಾರನೇ ಒಂದು ಭಾಗ.

ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದು ರಾಸ್ ಕಣ್ಣಿಗೆ ಬಿತ್ತು. ವಿಶ್ವ ಸೊಳ್ಳೆ ದಿನ ಆಚರಿಸುವುದು ಆ ದಿನದ ನೆನಪಿಗೆ.

ರೋಗಿಗಳಿಗೆ ಕೊಟ್ಟ ಹಣ ರಾಸ್ ಜೇಬಿನದು. ಸಹಿ ಮಾಡಿದ ಒಪ್ಪಿಗೆ ಪತ್ರವಿಲ್ಲ, ಪ್ರಯೋಗವನ್ನು ಪರಿಶೀಲಿಸುವ ಸಮಿತಿಯಿಲ್ಲ, ಹೆಚ್ಚುಕಡಿಮೆಯಾದರೆ ಯಾರು ನೋಡಿಕೊಳ್ಳಬೇಕೆಂಬ ನಿಯಮವೂ ಇಲ್ಲ. ರಾಸ್ ಒಬ್ಬರದೇ ತಪ್ಪೆಂದು ಹೇಳಲಾಗದು, ಅಂದಿನ ಕಾಲವೇ ಹಾಗಿತ್ತು.

ಅದರ ಬೆಲೆಯನ್ನು ಅವರು ಕಲ್ಕತ್ತಾದಲ್ಲಿ ತೆತ್ತರು. 1898ರಲ್ಲಿ ಅಲ್ಲಿ ಪ್ಲೇಗ್ ಚುಚ್ಚುಮದ್ದಿನ ಭಯ ಹಬ್ಬಿತ್ತು. ಬೆರಳು ಚುಚ್ಚಲು ಹೋದರೆ, ದುಡ್ಡು ಕೊಡುತ್ತೇನೆಂದರೂ ಜನ ಓಡಿಹೋಗುತ್ತಿದ್ದರು. ಕೊನೆಗೆ ರಾಸ್ ಹಕ್ಕಿಗಳ ಮಲೇರಿಯಾ ಹಿಡಿದು, ರೋಗ ಸೊಳ್ಳೆ ಕಡಿತದಿಂದಲೇ ಹರಡುತ್ತದೆ ಎಂದು ಸಾಧಿಸಿದರು. 1902ರಲ್ಲಿ ನೊಬೆಲ್ ಬಂತು.

ಇದೇ ಹೊತ್ತಿಗೆ ಕ್ಯೂಬಾದಲ್ಲಿ ಇನ್ನೊಂದು ಹೆಜ್ಜೆ ಬಿತ್ತು. 1900ರಲ್ಲಿ ಹಳದಿ ಜ್ವರ ಅಧ್ಯಯನ ಮಾಡುತ್ತಿದ್ದ ವಾಲ್ಟರ್ ರೀಡ್ ತಂಡ, ಪಾಲ್ಗೊಳ್ಳುವವರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿತು. ಭಾಗವಹಿಸಿದರೆ 100 ಡಾಲರ್, ಜ್ವರ ಬಂದರೆ ಇನ್ನೂ 100 ಡಾಲರ್, ಜೊತೆಗೆ ಉತ್ತಮ ಚಿಕಿತ್ಸೆಯ ಭರವಸೆ. ಚಿಕಿತ್ಸೆಯ ಹೊಣೆ ಕಾಗದದ ಮೇಲೆ ಬಂದಿತ್ತು.

ರಾಸ್ ಮಾತ್ರ ಕೊನೆಯವರೆಗೂ ಹಣದ ಚಿಂತೆಯಲ್ಲೇ ಇದ್ದರು. ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಬ್ರಿಟಿಷ್ ಸಂಸತ್ತು ಒಟ್ಟು 30,000 ಪೌಂಡ್ ಕೊಟ್ಟಿತ್ತು, ತಮಗೂ ಹಾಗೆ ಕೊಡಬೇಕೆಂದು ಸರ್ಕಾರವನ್ನು ಕೇಳಿದರು. ಸಿಗಲಿಲ್ಲ. 1928ರಲ್ಲಿ ತಮ್ಮ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟರು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ಇಂದು ಬಿಲ್ ಯಾರ ಲೆಕ್ಕಕ್ಕೆ?

ಭಾರತದಲ್ಲಿ ಹೊಸ ಔಷಧಿಯ ಟ್ರಯಲ್ ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಅಡಿ. ಇದರೊಂದಿಗೆ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಇದೆ. ಇವುಗಳ ಸಾರ ಇಷ್ಟು:

• ನೀವು ಟ್ರಯಲ್ ಸೇರದಿದ್ದರೂ ಮಾಡಲೇಬೇಕಿದ್ದ ಮಾಮೂಲಿ ಚಿಕಿತ್ಸೆಯ ಖರ್ಚು ನಿಮ್ಮದು, ಇಲ್ಲವೇ ನಿಮ್ಮ ವಿಮೆಯದು. ಟ್ರಯಲ್ ಎಂದರೆ ಎಲ್ಲವೂ ಉಚಿತ ಎಂಬುದು ತಪ್ಪು.

• ಸಂಶೋಧನೆಗೆಂದೇ ಮಾಡುವ ಹೆಚ್ಚುವರಿ ರಕ್ತ ಪರೀಕ್ಷೆ, ಸ್ಕ್ಯಾನ್, ಔಷಧಿಗೆ ನಿಮ್ಮಿಂದ ಹಣ ಪಡೆಯುವಂತಿಲ್ಲ. ಅದು ಅಧ್ಯಯನದ ಲೆಕ್ಕಕ್ಕೆ ಹೋಗಬೇಕು.

• ಟ್ರಯಲ್ ವೇಳೆ ದೇಹಕ್ಕೆ ತೊಂದರೆಯಾದರೆ ಟ್ರಯಲ್ ನಡೆಸುವ ಕಂಪನಿ ಅಥವಾ ಸಂಸ್ಥೆಯೇ ಉಚಿತ ಚಿಕಿತ್ಸೆ ಕೊಡಿಸಬೇಕು. ಅಗತ್ಯವಿರುವಷ್ಟು ದಿನ, ಅಥವಾ ತೊಂದರೆಗೂ ಟ್ರಯಲ್‌ಗೂ ಸಂಬಂಧವಿಲ್ಲ ಎಂದು ಸಾಬೀತಾಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ.

• ಟ್ರಯಲ್‌ನಿಂದಲೇ ಹಾನಿ ಅಥವಾ ಸಾವು ಸಂಭವಿಸಿದರೆ ಪರಿಹಾರವೂ ಇದೆ. ಅದು ಚಿಕಿತ್ಸೆಯ ಖರ್ಚಿನಿಂದ ಪ್ರತ್ಯೇಕ.

ಎಡವಟ್ಟಾಗುವುದು ಹೆಚ್ಚಾಗಿ ಬಿಲ್ಲಿಂಗ್ ಕೌಂಟರ್‌ನಲ್ಲಿ. ಒಂದೇ ದಿನ ಎರಡು ಪರೀಕ್ಷೆ ಬರೆದಿರುತ್ತಾರೆ, ಒಂದು ನಿಮ್ಮ ಕಾಯಿಲೆಗೆ, ಇನ್ನೊಂದು ಅಧ್ಯಯನಕ್ಕೆ. ಚೀಟಿಯ ಮೇಲೆ ಅಧ್ಯಯನದ ಹೆಸರು, ಅನುಮೋದನೆ ಇಲ್ಲದಿದ್ದರೆ ಕೌಂಟರ್‌ನವರಿಗೆ ಎರಡೂ ಒಂದೇ, ಎರಡೂ ನಿಮ್ಮ ಬಿಲ್‌ಗೇ ಸೇರುತ್ತವೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ದಿನಗೂಲಿ ಬಿಟ್ಟು ಬಂದವರಿಗೆ ಅದು ಸಣ್ಣ ಮೊತ್ತವಲ್ಲ. ಬಸ್ ಖರ್ಚು, ಕಳೆದ ಕೂಲಿ ಕೊಡಲು ಮಾರ್ಗಸೂಚಿ ಅವಕಾಶ ಕೊಡುತ್ತದೆ. ಸಹಿಗೆ ಮುನ್ನವೇ ಕೇಳಿ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಪ್ರತಿ ನಿಮ್ಮ ಕೈಗೆ ಬರಬೇಕು. ಓದಲು ಬಾರದವರಿಗೆ ತಟಸ್ಥ ಸಾಕ್ಷಿಯ ಎದುರು ಓದಿ ಹೇಳಬೇಕು. ಆ ಪ್ರತಿಯನ್ನು ಬಿಲ್ ಜೊತೆ ಇಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿ. ಹೊಂದದಿದ್ದರೆ ಅಧ್ಯಯನದ ವೈದ್ಯರನ್ನು ಕೇಳಿ, ಅವರು ಸ್ಪಂದಿಸದಿದ್ದರೆ ನೀತಿ ಸಮಿತಿಯನ್ನು. ಆ ಸಮಿತಿಯ ಸಂಪರ್ಕ ವಿವರ ಒಪ್ಪಿಗೆ ಪತ್ರದಲ್ಲೇ ಇರುತ್ತದೆ.

ಹುಸೇನ್ ಖಾನ್‌ಗೆ ಹೀಗೆ ಕೇಳಲು ಒಂದು ಕಾಗದವೂ ಇರಲಿಲ್ಲ. ನಿಮ್ಮ ಕೈಯಲ್ಲಿದೆ.