ಷೇರು ಎಷ್ಟಿದ್ದರೂ ಮತ ಒಂದೇ

ಬೇಲೂರು ತಾಲ್ಲೂಕಿನ ನಮ್ಮಂಥ ರೈತ ಮನೆಗಳಿಗೆ ಸಹಕಾರ ಸಂಘದ ಬೆಳೆಸಾಲ ಹೊಸದಲ್ಲ. ಅದಕ್ಕೆ ದಾರಿ ತೋರಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಬಗ್ಗೆ ನಾನು ತಿಳಿದದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ.

1904ರಲ್ಲಿ ಸಹಕಾರ ಕಾಯ್ದೆ ಬಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಅವರು ರೈತರನ್ನು ಒಗ್ಗೂಡಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಆಗ ಅವರ ವಯಸ್ಸು ಅರವತ್ತು ದಾಟಿತ್ತು!

ಕಂಪನಿಯಲ್ಲಿ ಷೇರು ಹೆಚ್ಚಿದ್ದವರ ಮಾತೇ ನಡೆಯುತ್ತದೆ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಸಾಲ ಮಂಜೂರು ಮಾಡುವ ಆಡಳಿತ ಮಂಡಳಿಯನ್ನು ಆರಿಸುವಾಗ ಹತ್ತು ಎಕರೆಯವರಿಗೂ ಹತ್ತು ಗುಂಟೆಯವರಿಗೂ ಸಮಾನ ಬಲ.

1933ರಲ್ಲಿ ಪಾಟೀಲರು ತೀರಿಕೊಂಡರು, ನಿಯಮ ಉಳಿದಿದೆ. ಆದರೆ ಸಭೆಗೆ ಹೋಗದವರ ಪಾಲಿನ ತೀರ್ಮಾನವನ್ನೂ ಹೋದವರೇ ಮಾಡುತ್ತಾರೆ. ನಾನೂ ಈಗ ಸಂಘದ ಸದಸ್ಯ. ಈ ಬಾರಿಯ ಮಹಾಸಭೆಗೆ ಹೋಗುತ್ತೇನೆ. ನೀವೂ ಹೋಗಿ.