ಜೀವರಸಾಯನ ವಿಜ್ಞಾನಿ ಡಾ. ಕಮಲಾ ಸೊಹೋನಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಉನ್ನತ ವ್ಯಾಸಂಗಕ್ಕೆಂದು ಆ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ ಅಗ್ರಸ್ಥಾನ ಪಡೆದಿದ್ದವರು ಅವರು. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ಇದೇ ಸಂಸ್ಥೆಯಲ್ಲಿ ಕಲಿತ ರಸಾಯನ ವಿಜ್ಞಾನಿಗಳು. ಮನೆತನದ ವಿದ್ಯೆಯನ್ನು ಮುಂದುವರಿಸಲು ಬಂದ ಮಗಳಿಗೆ ಅಲ್ಲಿ ಸ್ಥಾನ ದೊರೆಯುವುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿದಾರರು ಹೆಣ್ಣಾಗಿದ್ದರು.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಮೂರು ವರ್ಷಗಳ ಹಿಂದಷ್ಟೇ ನೊಬೆಲ್ ಪಾರಿತೋಷಕ ಪಡೆದು ದೇಶಕ್ಕೆಲ್ಲ ಕೀರ್ತಿ ತಂದವರು. ಅವರ ಮಾತನ್ನು ಮೀರಿ ನಿಲ್ಲುವುದು ಹಿರಿಯ ಪ್ರಾಧ್ಯಾಪಕರಿಗೂ ಸುಲಭವಾಗಿರಲಿಲ್ಲ. ಇಪ್ಪತ್ತೆರಡರ ಹರೆಯದ ಕಮಲಾ ಅವರ ಎದುರು ನಿಂತು ಕಾರಣ ಕೇಳಿದರು, ಒಪ್ಪಿಗೆಯಾಗುವ ಉತ್ತರ ಬಾರದಿದ್ದಾಗ ಗಾಂಧೀಜಿಯವರ ಮಾರ್ಗ ಹಿಡಿದು ಸತ್ಯಾಗ್ರಹಕ್ಕೆ ಕುಳಿತರು. ಕೊನೆಗೆ ರಾಮನ್ ಮಣಿದರು, ಆದರೆ ಷರತ್ತುಗಳನ್ನು ವಿಧಿಸಿದರು. ಮೊದಲ ಒಂದು ವರ್ಷ ಕಮಲಾ ಅವರನ್ನು ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ. ಮಾರ್ಗದರ್ಶಕರು ಬಯಸಿದರೆ ರಾತ್ರಿಯ ವೇಳೆಯಲ್ಲೂ ಕೆಲಸ ಮಾಡತಕ್ಕದ್ದು. ಆಕೆಯ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಮೂರನೆಯ ಷರತ್ತನ್ನು ಓದುವಾಗ ಇಂದಿಗೂ ನೋವಾಗುತ್ತದೆ. ರಾಮನ್ ಅವರ ಭಾವಚಿತ್ರ ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿದೆ, ಇರಲೂ ಬೇಕು. ಆದರೆ ದೊಡ್ಡವರ ತಪ್ಪನ್ನು ದೊಡ್ಡವರದೆಂಬ ಕಾರಣಕ್ಕೆ ಮಕ್ಕಳಿಂದ ಮರೆಮಾಡುವುದು ನನಗೆ ಸರಿಕಾಣದು.

ಕಮಲಾ ಆ ಷರತ್ತುಗಳನ್ನು ಒಪ್ಪಿಕೊಂಡರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಅಧ್ಯಯನದಲ್ಲಿ ತೊಡಗಿದರು. ಶ್ರೀನಿವಾಸಯ್ಯನವರು ಶಿಸ್ತಿನ ಗುರು. ಶಿಷ್ಯೆಯ ಶ್ರದ್ಧೆಯನ್ನು ಕಂಡು ಆಧುನಿಕ ಜೀವರಸಾಯನಶಾಸ್ತ್ರದ ಗ್ರಂಥಗಳ ಕಡೆಗೆ ಅವರ ಗಮನವನ್ನು ಸೆಳೆದರು. ವರ್ಷ ತುಂಬುವ ಹೊತ್ತಿಗೆ ರಾಮನ್ ಅವರಿಗೂ ಸಮಾಧಾನವಾಗಿ, ಷರತ್ತುಗಳು ತೆರವಾದವು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಪದವಿಯನ್ನು ವಿಶೇಷ ಶ್ರೇಣಿಯಲ್ಲಿ ಪಡೆದರು. ಅವರ ಬಳಿಕ ಸಂಸ್ಥೆಗೆ ಅರ್ಜಿ ಹಾಕಿದ ಹೆಣ್ಣುಮಕ್ಕಳಿಗೆ ಹೆಣ್ಣೆಂಬ ಕಾರಣವೊಡ್ಡಿ ಬಾಗಿಲು ಮುಚ್ಚುವುದು ಕಷ್ಟವಾಯಿತು. ಮುಂದೆ ಹವಾಮಾನ ವಿಜ್ಞಾನದಲ್ಲಿ ಹೆಸರಾದ ಅಣ್ಣಾ ಮಣಿ 1940ರಲ್ಲಿ ಸ್ವತಃ ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿದರು. ಆದರೂ ಮೊದಲ ವರ್ಷದ ಅವಮಾನ ಕಮಲಾ ಅವರ ಮನಸ್ಸಿನಿಂದ ಅಳಿಯಲಿಲ್ಲ. ವೃದ್ಧಾಪ್ಯದಲ್ಲಿಯೂ ಅದನ್ನು ಅವರು ಬಹಿರಂಗವಾಗಿ ಹೇಳಿಕೊಂಡದ್ದುಂಟು.

ವಿದ್ಯಾರ್ಥಿವೇತನ ಪಡೆದು ಅವರು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿ ನ್ಯೂನ್ಹಾಮ್ ಕಾಲೇಜನ್ನು ಸೇರಿದರು. ಜೀವಸತ್ವಗಳ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ವಿಭಾಗದಲ್ಲಿ ಮೊದಲು ಡೆರೆಕ್ ರಿಕ್ಟರ್ ಅವರೊಡನೆ, ಬಳಿಕ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡಿದರು. ಸಸ್ಯಗಳ ಉಸಿರಾಟವೇ ಹಿಲ್ ಅವರೊಡನೆ ನಡೆದ ಅಧ್ಯಯನದ ವಿಷಯ. ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಸೈಟೋಕ್ರೋಮ್ ಸಿ ಎಂಬ ಕಬ್ಬಿಣಯುಕ್ತ ಪ್ರೋಟೀನು ಸಸ್ಯಕೋಶಗಳಲ್ಲಿಯೂ ಇರುವುದನ್ನು ಅವರು ತೋರಿಸಿಕೊಟ್ಟರು.

ಇದರ ಮಹತ್ವವನ್ನು ತಿಳಿಯಲು ಒಂದು ಹೋಲಿಕೆ ಕೊಡುವೆನು. ಬಾವಿಯಿಂದ ತೊಟ್ಟಿಯವರೆಗೆ ಜನರು ಸಾಲಾಗಿ ನಿಂತು ತುಂಬಿದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ಊಹಿಸಿಕೊಳ್ಳಿ. ನಾವು ಉಂಡ ಅನ್ನದಿಂದ ಹೊರಟ ಎಲೆಕ್ಟ್ರಾನುಗಳು ಜೀವಕೋಶದೊಳಗೆ ಹೀಗೆಯೇ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ, ಕಡೆಗೆ ಉಸಿರಿನ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಆ ದಾರಿಯಲ್ಲಿ ದೇಹಕ್ಕೆ ಬೇಕಾದ ಶಕ್ತಿ ದೊರೆಯುತ್ತದೆ. ಸಾಲಿನಲ್ಲಿ ನಿಂತು ಕೊಡ ದಾಟಿಸುವವರಲ್ಲಿ ಸೈಟೋಕ್ರೋಮ್ ಸಿ ಒಬ್ಬ. ಪ್ರಾಣಿಗಳ ಸ್ನಾಯುವಿನಲ್ಲಿ ನಡೆಯುವ ಈ ಕ್ರಮವೇ ಆಲೂಗಡ್ಡೆಯಲ್ಲಿಯೂ ನಡೆಯುತ್ತದೆಂದರೆ ಪ್ರಾಣಿಗಳೂ ಸಸ್ಯಗಳೂ ಮೂಲತಃ ಒಂದೇ ರೀತಿಯಲ್ಲಿ ಉಸಿರಾಡುತ್ತವೆಂದು ಅರ್ಥ.

ಕೊಡ ದಾಟಿಸುವಾಗ ನೀರು ತುಳುಕುವುದು ಸಹಜ. ಹಾಗೆಯೇ ದಾರಿಯ ನಡುವೆ ಜಾರಿದ ಎಲೆಕ್ಟ್ರಾನು ಆಮ್ಲಜನಕಕ್ಕೆ ಅಂಟಿಕೊಂಡರೆ ಸೂಪರ್‌ಆಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಇಂತಹ ಕಣಗಳು ಹದ್ದುಮೀರಿದಾಗ ಜೀವಕೋಶದ ಕೊಬ್ಬು, ಪ್ರೋಟೀನು, ಡಿ.ಎನ್.ಎ.ಗಳನ್ನು ಕೆಡಿಸುತ್ತವೆ, ಹೃದ್ರೋಗ, ಕ್ಯಾನ್ಸರ್ ಮೊದಲಾದ ರೋಗಗಳೊಡನೆ ಇವುಗಳಿಗಿರುವ ನಂಟನ್ನು ವಿಜ್ಞಾನಿಗಳು ಇಂದು ವಿಸ್ತಾರವಾಗಿ ಅಭ್ಯಸಿಸುತ್ತಿದ್ದಾರೆ. ಈ ಕಣವನ್ನು ಅಡಗಿಸುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದಾಗ, ಅಳತೆಗೋಲಾಗಿ ಬಳಸಿದ್ದು ಸೈಟೋಕ್ರೋಮ್ ಸಿಯನ್ನೇ. ಫ್ರೀ ರ‍್ಯಾಡಿಕಲ್‌ಗಳ ಶೋಧನೆಯನ್ನು ಕಮಲಾ ಅವರ ಹೆಸರಿಗೆ ಸೇರಿಸುವುದು ಸಲ್ಲದು. ಅವರು ನಿಂತು ದುಡಿದದ್ದು ಆ ವಿದ್ಯೆಯ ಅಡಿಪಾಯದ ಬಳಿ.

ಅವರು ಪಿಎಚ್.ಡಿ.ಗೆ ಸಲ್ಲಿಸಿದ ಪ್ರಬಂಧ ಕೇವಲ ನಲವತ್ತು ಪುಟಗಳದು. ಹಿಡಿದ ಕಾಲ ಸುಮಾರು ಹದಿನಾಲ್ಕು ತಿಂಗಳು. 1939ರಲ್ಲಿ ಅದು ಅಂಗೀಕೃತವಾಯಿತು. ಕೇಂಬ್ರಿಡ್ಜಿನಿಂದ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಬೆಂಗಳೂರನ್ನು ಮಾತ್ರ ದೂಷಿಸುವಂತಿಲ್ಲ: ಕೇಂಬ್ರಿಡ್ಜ್ ಕೂಡ ಹೆಣ್ಣುಮಕ್ಕಳನ್ನು ಗಂಡಸರಿಗೆ ಸಮನಾಗಿ ಪೂರ್ಣ ಪದವೀಧರರೆಂದು ಒಪ್ಪಿಕೊಂಡದ್ದು 1948ರಲ್ಲಿ.

ವಿದೇಶದಲ್ಲಿಯೇ ನೆಲೆಸುವ ಅವಕಾಶವಿದ್ದರೂ ಕಮಲಾ ಅದೇ ವರ್ಷ ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾಗಿದ್ದು, ಅನಂತರ ನಮ್ಮ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಬಂದು ಜೀವಸತ್ವಗಳ ಮೇಲೆ ಕೆಲಸ ಮಾಡಿದರು. ಅಲ್ಲಿ ಮುಂದಿನ ಬಡ್ತಿಗೆ ದಾರಿ ಕಾಣದೆ ರಾಜೀನಾಮೆ ಕೊಟ್ಟರು. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ತೆರಳಿ, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ಆ ಸಂಸ್ಥೆಯ ನಿರ್ದೇಶಕರ ಹುದ್ದೆ ಅರ್ಹತೆಯಿದ್ದೂ ಬಹಳ ತಡವಾಗಿ ಅವರಿಗೆ ದೊರೆಯಿತು. ಹತ್ತನೆಯ ತರಗತಿಯ ಬಳಿಕ ಮಗಳನ್ನು ಓದಿಸಬೇಕೇ ಎಂದು ಪ್ರತಿ ಬೇಸಿಗೆಯಲ್ಲೂ ನನ್ನ ಕೊಠಡಿಗೆ ಬಂದು ವಿಚಾರಿಸುವ ತಂದೆತಾಯಿಗಳಿಗೆ ನಾನು ಈ ಭಾಗವನ್ನೂ ಬಿಡದೆ ಹೇಳುತ್ತೇನೆ. ಕೇಂಬ್ರಿಡ್ಜಿನ ಪದವಿಯೂ ದಾರಿಯ ಕಲ್ಲುಮುಳ್ಳುಗಳನ್ನೆಲ್ಲ ತೆಗೆದುಹಾಕಲಿಲ್ಲ.

ಮುಂಬಯಿಯಲ್ಲಿ ಅವರು ಆರಿಸಿಕೊಂಡ ವಿಷಯಗಳೆಲ್ಲ ಬಡವರ ಊಟದ ಎಲೆಯ ಮೇಲಿನವು. ನಾವು ದಿನವೂ ಬೇಯಿಸುವ ಅವರೆಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣರಸದ ಕೆಲಸಕ್ಕೆ ತಡೆಯೊಡ್ಡುವ ವಸ್ತುವೊಂದಿದೆ. ಅದನ್ನು ಅವರೂ ಅವರ ಶಿಷ್ಯರೂ ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ಪ್ರಕಟಿಸಿದರು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಈ ತಡೆ ಬಹುಮಟ್ಟಿಗೆ ನೀಗುತ್ತದೆ. ಅರೆಬೆಂದ ಅವರೆ ಹೊಟ್ಟೆಗೆ ಆಗದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಇದೂ ಒಂದು ಕಾರಣ.

ನೀರಾ ಕುರಿತ ಅವರ ಸಂಶೋಧನೆಯಂತೂ ಪಾಲಮಲೆಯ ನಮಗೆ ತೀರ ಸಮೀಪದ್ದು. ಸೇಲಂ, ಧರ್ಮಪುರಿ ಸೀಮೆಯಲ್ಲಿ ತಾಳೆಮರದ ಹೊಂಬಾಳೆಯನ್ನು ಸವರಿ, ಸುಣ್ಣ ಬಳಿದ ಮಡಕೆ ಕಟ್ಟಿ ಇಳಿಸುವ ಸಿಹಿರಸವನ್ನು ಅರಿಯದವರಿಲ್ಲ. ಸುಣ್ಣವಿಲ್ಲದಿದ್ದರೆ ರಸ ಹುಳಿತು ಕಳ್ಳಾಗುತ್ತದೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ಕಮಲಾ ಈ ರಸದ ಪೋಷಕಗುಣಗಳ ಅಧ್ಯಯನವನ್ನು ಕೈಗೊಂಡು ಹತ್ತು ವರ್ಷಗಳಿಗೂ ಮಿಕ್ಕಿ ನಡೆಸಿದರು. ಸಿ ಜೀವಸತ್ವ, ಕಬ್ಬಿಣ ಮುಂತಾದ ಅಂಶಗಳು ಇದರಲ್ಲಿರುವುದನ್ನೂ, ರಸವನ್ನು ಕಾಯಿಸಿ ಬೆಲ್ಲ ಮಾಡಿದ ಮೇಲೂ ಪೋಷಕಾಂಶ ಉಳಿಯುವುದನ್ನೂ ಕಂಡುಕೊಂಡರು. ಪೌಷ್ಟಿಕ ಆಹಾರ ದೊರೆಯದ ಬುಡಕಟ್ಟಿನ ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಕೊಟ್ಟು ನೋಡಿದಾಗ ಅವರ ಆರೋಗ್ಯ ಸುಧಾರಿಸಿತು. ಈ ಕಾರ್ಯಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಸಂದಿತು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕುಳಿತವರಲ್ಲ. 1966ರಲ್ಲಿ ಮುಂಬಯಿಯಲ್ಲಿ ಮಹಿಳೆಯರೇ ಕಟ್ಟಿದ ಗ್ರಾಹಕ ಮಾರ್ಗದರ್ಶಕ ಸಂಘದಲ್ಲಿ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಕಲಬೆರಕೆಯ ವಿರುದ್ಧ ಜನರನ್ನು ಎಚ್ಚರಿಸಿದರು. ಮರಾಠಿಯಲ್ಲಿ ಎಳೆಯರಿಗಾಗಿ ವಿಜ್ಞಾನ ಪುಸ್ತಕಗಳನ್ನು ಬರೆದರು. ಇವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ಪ್ರಸಿದ್ಧ ಲೇಖಕಿ. ತಾಯ್ನುಡಿಯಲ್ಲಿ ಬರೆಯುವ ಹಂಬಲ ಇಬ್ಬರಲ್ಲಿಯೂ ಇತ್ತು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೆಹಲಿಯಲ್ಲಿ ಅವರಿಗಾಗಿ ಸನ್ಮಾನ ಸಮಾರಂಭವನ್ನು ಏರ್ಪಡಿಸಿತು. ಎಂಬತ್ತು ದಾಟಿದ ಕಮಲಾ ಆ ಸಮಾರಂಭದಲ್ಲಿಯೇ ಕುಸಿದುಬಿದ್ದರು. ಕೆಲವೇ ಕಾಲದಲ್ಲಿ ಇಹಲೋಕ ತ್ಯಜಿಸಿದರು.