ಭೂಮಿಯ ಲೆಕ್ಕ ನೋಡಿದ ಕುಮಾರಪ್ಪ

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಮೊದಲಿಗೇ ಕಲಿಯುವ ಪಾಠವೊಂದಿದೆ: ಬಂಡವಾಳ ಬೇರೆ, ಆದಾಯ ಬೇರೆ. ಬಂಡವಾಳವನ್ನೇ ಖರ್ಚು ಮಾಡಿ ಲಾಭ ಬಂತೆಂದು ಬರೆದರೆ ಅದು ಸುಳ್ಳು ಲೆಕ್ಕ. ಈ ಪಾಠವನ್ನು ಕಾಡು, ಮಣ್ಣು, ಗಣಿಗಳಿಗೂ ಅನ್ವಯಿಸಿದ ಲೆಕ್ಕಪರಿಶೋಧಕರೊಬ್ಬರು ನಮ್ಮ ದೇಶದಲ್ಲಿದ್ದರು. ಅವರೇ ಜೆ. ಸಿ. ಕುಮಾರಪ್ಪ.

1892ರ ಜನವರಿ 4ರಂದು ತಂಜಾವೂರಿನ ತಮಿಳು ಕ್ರೈಸ್ತ ಕುಟುಂಬದಲ್ಲಿ ಅವರು ಜನಿಸಿದರು. ಜೋಸೆಫ್ ಚೆಲ್ಲದೊರೈ ಕಾರ್ನೆಲಿಯಸ್ ಎಂಬುದು ಅವರ ಹೆಸರು. ಕುಮಾರಪ್ಪ ಎಂಬ ಮನೆತನದ ಹೆಸರನ್ನು ಮುಂದೆ ಇಟ್ಟುಕೊಂಡರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಬಂದು ಬೊಂಬಾಯಿಯಲ್ಲಿ ವೃತ್ತಿ ನಡೆಸಿದರು. ಸೂಟು, ಬೂಟು, ಒಳ್ಳೆಯ ಸಂಪಾದನೆ, ಯಾವುದಕ್ಕೂ ಕೊರತೆ ಇರಲಿಲ್ಲ. ನಂತರ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸನ್ನು ಅಧ್ಯಯನ ಮಾಡುವಾಗ ಬ್ರಿಟಿಷ್ ಆಡಳಿತದ ತೆರಿಗೆ ಮತ್ತು ಖರ್ಚಿನ ಲೆಕ್ಕಗಳನ್ನು ಬಿಡಿಸಿ ನೋಡಿದರು. ಭಾರತದ ಬಡತನದ ಮೂಲ ಅಲ್ಲಿ ಕಂಡಿತು. ಆ ಪ್ರಬಂಧವೇ 1929ರಲ್ಲಿ ಅವರನ್ನು ಸಾಬರಮತಿಗೆ, ಗಾಂಧೀಜಿಯ ಬಳಿಗೆ ಕರೆತಂದಿತು.

ಗಾಂಧೀಜಿ ಅವರಿಗೆ ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸಮೀಕ್ಷೆಯ ಕೆಲಸ ಒಪ್ಪಿಸಿದರು. ಕಂಪನಿಗಳ ಲೆಕ್ಕ ನೋಡುತ್ತಿದ್ದವರು ರೈತರ ಮನೆಗಳ ಸಾಲ ಮತ್ತು ಕಂದಾಯದ ಲೆಕ್ಕ ಬರೆಯತೊಡಗಿದರು. ಸೂಟಿನ ಜಾಗಕ್ಕೆ ಖಾದಿ ಬಂತು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಯಂಗ್ ಇಂಡಿಯಾ ಪತ್ರಿಕೆಯ ಹೊಣೆ ಹೊತ್ತು ಜೈಲಿಗೂ ಹೋದರು.

1934ರ ಬಿಹಾರ ಭೂಕಂಪದ ಪರಿಹಾರ ನಿಧಿಯ ಲೆಕ್ಕ ಅವರ ಕೈಯಲ್ಲಿತ್ತು. ಸ್ವಯಂಸೇವಕರ ದಿನದ ಊಟದ ಖರ್ಚು 3 ಆಣೆ ಮೀರಬಾರದೆಂದು ನಿಯಮ ಮಾಡಿದರು. ಗಾಂಧೀಜಿ ಮತ್ತು ಸಂಗಡಿಗರು ಬಂದಾಗಲೂ ಅವರ ಖರ್ಚನ್ನು ನಿಧಿಗೆ ಹಾಕಲು ಒಪ್ಪಲಿಲ್ಲ. ಸಂತ್ರಸ್ತರ ಹಣ ಸಂತ್ರಸ್ತರಿಗೇ ಸೇರಬೇಕು. ಅದರಲ್ಲಿ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ. ಗಾಂಧೀಜಿ ಬೇಸರಪಡಲಿಲ್ಲ. ಅದೇ ವರ್ಷ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಕಾರ್ಯದರ್ಶಿಯಾಗಿ ಆಯ್ಕೆಯಾದವರು ಕುಮಾರಪ್ಪನವರೇ.

ವಾರ್ಧಾದ ಮಗನವಾಡಿಯಲ್ಲಿ ಎಣ್ಣೆಗಾಣ, ಕೈಕಾಗದ, ಜೇನು ಸಾಕಣೆ, ಬೆಲ್ಲ ತಯಾರಿಕೆಯ ಪ್ರಯೋಗಗಳು ನಡೆದವು. ಸೀಮೆಎಣ್ಣೆಯ ಬದಲು ಊರಿನ ಗಾಣದ ಎಣ್ಣೆಯಲ್ಲಿ ಉರಿಯುವ ಮಗನ್ ದೀಪವೂ ಅಲ್ಲಿ ರೂಪುಗೊಂಡಿತು.

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧಿತರಾಗಿ ಜಬಲ್ಪುರ ಜೈಲಿನಲ್ಲಿದ್ದಾಗ ಅವರು ಎರಡು ಪುಸ್ತಕ ಬರೆದರು. ಒಂದು ಯೇಸುವಿನ ಬೋಧನೆ ಮತ್ತು ಆಚರಣೆಗಳನ್ನು ಕುರಿತದ್ದು. ಇನ್ನೊಂದು ಎಕಾನಮಿ ಆಫ್ ಪರ್ಮನೆನ್ಸ್, ಅಂದರೆ ಬಾಳಿಕೆ ಬರುವ ಅರ್ಥವ್ಯವಸ್ಥೆ. ಒಂದೇ ಜೈಲಿನಲ್ಲಿ ಧರ್ಮ ಮತ್ತು ಅರ್ಥಶಾಸ್ತ್ರದ ಪುಸ್ತಕಗಳು ಒಟ್ಟಿಗೆ ಹುಟ್ಟಿದ್ದು ಆಕಸ್ಮಿಕವಲ್ಲ. ನೆರೆಯವರನ್ನು ಪ್ರೀತಿಸಬೇಕೆಂಬ ನಂಬಿಕೆ ಚರ್ಚಿನ ಪ್ರಾರ್ಥನೆಗೆ ಮುಗಿಯುವುದಿಲ್ಲ, ನಾವು ಕೊಳ್ಳುವ ವಸ್ತು ಎಲ್ಲಿಂದ, ಯಾರ ಶ್ರಮದಿಂದ ಬಂತೆಂದು ನೋಡುವುದೂ ಅದರ ಭಾಗ ಎಂಬುದು ಅವರ ನಿಲುವು.

ಆ ಪುಸ್ತಕದಲ್ಲಿ ಅವರು ಪ್ರಕೃತಿಯಿಂದಲೇ ಉದಾಹರಣೆ ಕೊಡುತ್ತಾರೆ. ಹುಲಿ ಕೊಂದು ತಿನ್ನುತ್ತದೆ. ಕೋತಿ ಇತರರು ಬೆಳೆಸಿದ ಹಣ್ಣನ್ನು ಕೀಳುತ್ತದೆ. ಜೇನುನೊಣ ಇಡೀ ಗೂಡಿಗಾಗಿ ದುಡಿಯುತ್ತದೆ. ತಾಯಿಹಕ್ಕಿ ಪ್ರತಿಫಲ ಬಯಸದೆ ಮರಿಗೆ ಉಣಿಸುತ್ತದೆ. ಮನುಷ್ಯ ಮೊದಲಿನ ಹಂತ ಬಿಟ್ಟು ಕೊನೆಯದರತ್ತ ಸಾಗಬೇಕು. ಕಲ್ಲಿದ್ದಲು, ಪೆಟ್ರೋಲಿಯಂ, ಖನಿಜಗಳು ತೆಗೆದಷ್ಟೂ ಬರಿದಾಗುವ ಬಂಡವಾಳ. ಅವುಗಳಿಗಾಗಿ ದೇಶಗಳು ಯುದ್ಧಕ್ಕಿಳಿಯುತ್ತವೆ. ಮತ್ತೆ ಮತ್ತೆ ಬೆಳೆಯುವುದನ್ನು ಅದು ಬೆಳೆಯುವ ಮಿತಿಯಲ್ಲಿ ಬಳಸಿದರೆ ಶಾಂತಿಯೂ ಉಳಿಯುತ್ತದೆ.

ಸ್ವಾತಂತ್ರ್ಯದ ನಂತರ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿ ಉಳುವವನಿಗೆ ಭೂಮಿ ಸಿಗಬೇಕೆಂದರು. ಆದರೆ ದೇಶ ದೊಡ್ಡ ಕೈಗಾರಿಕೆಗಳ ದಾರಿ ಹಿಡಿಯಿತು. ಟ್ರ್ಯಾಕ್ಟರ್ ಸಗಣಿ ಹಾಕುವುದಿಲ್ಲ, ರಾಸಾಯನಿಕ ಗೊಬ್ಬರದಿಂದ ಮಣ್ಣು ಕೆಡುತ್ತದೆ ಎಂಬ ಅವರ ಎಚ್ಚರಿಕೆ ಹಲವರಿಗೆ ಹಳೆಯ ಕಾಲದ ಮಾತಾಗಿ ಕೇಳಿಸಿತು. ಅವರು ಮಾತು ಬದಲಿಸಲಿಲ್ಲ. ಮದುರೆಯ ಸಮೀಪದ ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮದಲ್ಲಿ ಸರಳವಾಗಿ ಬದುಕಿದರು. ಗಾಂಧೀಜಿ ಹುತಾತ್ಮರಾದ ದಿನದಂದೇ, 1960ರ ಜನವರಿ 30ರಂದು, ಮದರಾಸಿನಲ್ಲಿ ನಿಧನರಾದರು.

ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿರುವ ಕೊಳವೆಬಾವಿಗಳನ್ನು ಕಂಡ ನಮಗೆ ಅವರ ಲೆಕ್ಕ ಕಷ್ಟವೇನಲ್ಲ. ಮಳೆ ಇಂಗಿಸಿದ ನೀರು ಆದಾಯ. ಅದಕ್ಕಿಂತ ಹೆಚ್ಚು ಮೇಲೆತ್ತಿದ್ದೆಲ್ಲ ಬಂಡವಾಳ. ಆ ಬಂಡವಾಳ ನಮ್ಮೊಬ್ಬರದ್ದಲ್ಲ, ಮುಂದೆ ಬರುವವರದ್ದೂ ಹೌದು.